ಮಣ್ಣಿನ ಇನ್ನೊಂದು ಪಾಲು

ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರು ಈಗಲೂ ಬೀದರಿನ ನಮ್ಮ ಮನೆಗೆ ಬಂದು, ಸಂಶೋಧನೆ ಮಾಡಲು ಮುಖ್ಯವಾಗಿ ಏನು ಬೇಕು ಮೇಡಂ ಎಂದು ಕೇಳುತ್ತಾರೆ. ಕುತೂಹಲ, ತಾಳ್ಮೆ, ಓದು ಎಂಬಂಥ ಉತ್ತರ ಅವರಿಗೆ ಬೇಕಾಗಿರುತ್ತದೆ. ನಾನು, ಬೀಗ ಹಾಕಲು ಬರುವ ಒಂದು ಕಪಾಟು ಬೇಕು ಎನ್ನುತ್ತೇನೆ. ಅವರು ನಗುತ್ತಾರೆ, ಚಹಾ ಕುಡಿದು ಹೋಗುತ್ತಾರೆ. ನಾನು ತಮಾಷೆಗೆ ಹೇಳಿದ ಮಾತಲ್ಲ ಅದು. ಹಾಗಾಗಿ ಒಮ್ಮೆ ಬರೆದೇ ಇಡೋಣ ಎಂದುಕೊಂಡೆ.

ನಾನು ರಸಾಯನಶಾಸ್ತ್ರ ಕಲಿಸುತ್ತಿದ್ದೆ. ಯಾವಾಗ ಸೇರಿದೆ, ಯಾವಾಗ ಮೇಲೇರಿದೆ ಎಂಬುದನ್ನು ಬೀಳ್ಕೊಡುಗೆಯ ದಿನ ಓದಿ ಹೇಳಿದ್ದಾರೆ, ಅದರಲ್ಲಿ ಒಂದೆರಡು ತಪ್ಪನ್ನೂ ಮಾಡಿದ್ದಾರೆ. ಅದನ್ನು ಇಲ್ಲಿ ತಿದ್ದುವ ಆಸೆಯಿಲ್ಲ. ನಮ್ಮದು ಊರೊಳಗಿನ ಹಳೆಯ ಮನೆತನ. ಮನೆಯ ಮಾತು ದಖನಿ, ಪಾಠದ ಮಾತು ಇಂಗ್ಲಿಷು, ಆಫೀಸಿನಲ್ಲಿ ಜಗಳವಾಡುವ ಮಾತು ಕನ್ನಡ. ಮೂರನ್ನೂ ಚೆನ್ನಾಗಿ ಬಳಸಿದ್ದೇನೆ, ಮೂರನೆಯದನ್ನು ತುಸು ಹೆಚ್ಚಾಗಿ.

ನಮ್ಮದು ಮೊದಲು ಸ್ನಾತಕೋತ್ತರ ಕೇಂದ್ರವಾಗಿತ್ತು. ಒಂದು ದಿನ ಅದು ವಿಶ್ವವಿದ್ಯಾಲಯವಾಯಿತು. ಬೋರ್ಡು ಬದಲಾಯಿತು, ಲೆಟರ್‌ಹೆಡ್ಡು ಬದಲಾಯಿತು. ನೀರಿನ ಟ್ಯಾಂಕು, ಸೋರುವ ಪ್ರಯೋಗಾಲಯ, ಇಬ್ಬರಿಗೊಂದು ಕುರ್ಚಿ ಹಾಗೇ ಉಳಿದವು. ಊರ ಹೊರಗಿನ ಕೆಂಪು ಕಲ್ಲಿನ ದಿಬ್ಬದ ಮೇಲೆ ನಮ್ಮ ಕಟ್ಟಡವಿತ್ತು. ಅಲ್ಲಿ ಗೇಣುದ್ದ ಅಗೆದರೆ ಜಂಬಿಟ್ಟಿಗೆ ಕಲ್ಲು ಸಿಗುತ್ತದೆಯೇ ಹೊರತು ಗಿಡ ನೆಡಲು ಮಣ್ಣು ಸಿಗುವುದಿಲ್ಲ. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ವಿಶ್ವವಿದ್ಯಾಲಯವಾದ ಮೇಲೆ ಎಲ್ಲರೂ ಸಂಶೋಧನೆ ಮಾಡಬೇಕು, ಲೇಖನ ಪ್ರಕಟಿಸಬೇಕು ಎಂದು ಸುತ್ತೋಲೆ ಬಂತು. ಬೆಳಿಗ್ಗೆಯಿಂದ ಸಂಜೆಯವರೆಗೆ ಪಾಠ, ನಡುವೆ ಪರೀಕ್ಷೆಯ ಕೆಲಸ, ಅದರ ನಡುವೆ ಚುನಾವಣೆಯ ಕೆಲಸ. ಇವುಗಳ ನಡುವಿನ ಸಂದಿಯಲ್ಲಿ ಸಂಶೋಧನೆ. ನನ್ನ ಸಹೋದ್ಯೋಗಿಯೊಬ್ಬರು ಶುಲ್ಕ ಕೇಳುವ ಒಂದು ಪತ್ರಿಕೆಗೆ ಲೇಖನ ಕಳಿಸಿದರು. ಮರುದಿನವೇ ಒಪ್ಪಿಗೆ ಬಂತು. ತಜ್ಞರು ಬಹಳ ಹೊಗಳಿದ್ದರು, ಆದರೆ ಅವರು ಹೊಗಳಿದ್ದು ಮೀನು ಸಾಕಾಣಿಕೆಯ ಲೇಖನವನ್ನು. ಇವರು ಕಳಿಸಿದ್ದು ಬಣ್ಣದ ರಸಾಯನದ ಮೇಲೆ. ಆದರೂ ಆ ವರ್ಷದ ವರದಿಯಲ್ಲಿ ಅದು ಸೇರಿತು, ಯಾರೂ ತೆರೆದು ನೋಡಲಿಲ್ಲ.

ಇನ್ನು ಯಂತ್ರದ ವಿಷಯ. ಮಣ್ಣಿನಲ್ಲಿ ಸತು, ಕಬ್ಬಿಣ, ತಾಮ್ರ ಎಷ್ಟಿದೆ ಎಂದು ಅಳೆಯುವ ದೊಡ್ಡ ಯಂತ್ರವೊಂದು ನಮಗೆ ಮಂಜೂರಾಯಿತು. ಅದಕ್ಕೂ ಮೊದಲು ನಾವು ದ್ರಾವಣದ ಬಣ್ಣವನ್ನು ಕಣ್ಣಿನಿಂದಲೇ ಹೋಲಿಸುತ್ತಿದ್ದೆವು. ಕಿಟಕಿಯ ಬಳಿ ನಿಂತು, ಕೊಳವೆಯ ಹಿಂದೆ ಬಿಳಿ ಕಾಗದ ಹಿಡಿದು, ಇದು ಅದಕ್ಕಿಂತ ಗಾಢ ಎಂದು ಇಬ್ಬರು ಒಪ್ಪಿದರೆ ಅದೇ ಉತ್ತರ. ಹಾಗಾಗಿ ಯಂತ್ರ ಬಂದ ದಿನ ನಾನು ನಿಜಕ್ಕೂ ಸಂತೋಷಪಟ್ಟೆ. ಪೂಜೆಯಾಯಿತು, ಫೋಟೋ ಆಯಿತು. ಆಮೇಲೆ ಗೊತ್ತಾಯಿತು, ಯಂತ್ರ ಉರಿಯಲು ಅಸಿಟಿಲೀನ್ ಅನಿಲ ಬೇಕು, ಅದು ಯಂತ್ರದ ಮಂಜೂರಾತಿಯಲ್ಲಿ ಸೇರಿರಲಿಲ್ಲ.

ಖರೀದಿ ವಿಭಾಗಕ್ಕೆ ಬರೆದೆವು. ಅವರು ಓದಿದ್ದು 'ಗ್ಯಾಸ್ ಸಿಲಿಂಡರ್' ಎಂಬ ಎರಡೇ ಮಾತು. ಗ್ಯಾಸ್ ಬರುವುದು ವಿದ್ಯಾರ್ಥಿನಿಲಯದ ಲೆಕ್ಕದಲ್ಲಿ ಎಂದು ಅವರೇ ತೀರ್ಮಾನಿಸಿದರು. ಕೆಲವು ತಿಂಗಳ ನಂತರ ನಮ್ಮ ಪ್ರಯೋಗಾಲಯದ ಬಾಗಿಲಿಗೆ ಅಡುಗೆಯ ಸಿಲಿಂಡರ್ ಬಂದು ನಿಂತಿತು, ಜೊತೆಗೆ ಒಂದು ರೆಗ್ಯುಲೇಟರು, ರಬ್ಬರಿನ ಪೈಪು. ಹಾಸ್ಟೆಲ್ಲಿನ ಅಡುಗೆಯವರು ಬಂದು ಅದನ್ನು ಹೊತ್ತುಕೊಂಡು ಹೋದರು, ಹೋಗುವಾಗ ನನಗೆ ಕೈ ಮುಗಿದರು. ಅಂದು ರಾತ್ರಿ ಊಟಕ್ಕೆ ಹುಡುಗರಿಗೆ ಪೂರಿ ಇತ್ತಂತೆ. ನಾನು ಮತ್ತೆ ಮೊದಲಿನಿಂದ ಪತ್ರ ಬರೆಯಲು ಕೂತೆ.

ಇಂಥ ಹೊತ್ತಿನಲ್ಲಿ ಸುಜಾತಾ ಬಂದಳು. ಔರಾದ ತಾಲೂಕಿನ ಚಿಂತಾಕಿಯ ಬೌದ್ಧ ಕುಟುಂಬದ ಹುಡುಗಿ. ಭಾಲ್ಕಿಗೆ ಮದುವೆಯಾಗಿ ಅಲ್ಲಿಯ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದಳು. ಅತಿಥಿ ಎಂದರೆ ಜೂನ್‌ನಲ್ಲಿ ಕರೆಯುವುದು, ಮಾರ್ಚಿನಲ್ಲಿ ಕಳಿಸುವುದು. ಪಿಎಚ್‌.ಡಿ. ಆದರೆ ಕಾಯಂ ಕೆಲಸಕ್ಕೆ ಅರ್ಜಿ ಹಾಕಬಹುದು, ಆಗದಿದ್ದರೆ ಪ್ರತಿ ಜೂನ್‌ನಲ್ಲಿ ಹೀಗೇ ಬಾಗಿಲು ಕಾಯಬೇಕು. ಇಷ್ಟನ್ನು ಅವಳು ಮೊದಲ ದಿನವೇ ಮರೆಮಾಚದೆ ಹೇಳಿದಳು.

ಅವಳ ಪ್ರಶ್ನೆ ಸರಳವಾಗಿತ್ತು. ಮೊದಲು ತೊಗರಿ, ಜೋಳ ಕೂಡಿಸಿ ಬಿತ್ತುತ್ತಿದ್ದ ಹೊಲಗಳಲ್ಲಿ ಈಗ ಸೋಯಾ ಒಂದೇ ಬಿತ್ತುತ್ತಾರೆ. ಭಾಲ್ಕಿಯ ಕಡೆ ಕಬ್ಬು ಬಂದಿದೆ. ಇದರಿಂದ ಮಣ್ಣಿನಲ್ಲಿ ಏನೇನು ಕಡಿಮೆಯಾಗುತ್ತಿದೆ? ಅದಕ್ಕಾಗಿ ಅವೇ ಹೊಲಗಳ ಮಣ್ಣನ್ನು ಮೂರು ವರ್ಷ, ಪ್ರತಿ ವರ್ಷ ಒಂದೇ ಹೊತ್ತಿನಲ್ಲಿ ತೆಗೆಯಬೇಕು. ಯಾವ ಹೊತ್ತು ಎಂದು ನಾನು ಕೇಳಿದೆ.

"ಎಳ್ಳಮಾಸಿ ರಿ ಮೇಡಂ," ಎಂದಳು. "ಬ್ಯಾರೇ ದಿನ ಹೋದ್ರ ಹೊಲದ ಮಾಲಕರು ಸಿಗೂದಿಲ್ರಿ. ಅವತ್ತು ಮಾತ್ರ ಮನಿಮಂದಿ ಎಲ್ಲಾ ಹೊಲದಾಗೇ ಇರ್ತಾರ. ಮತ್ತ ಅವತ್ತು ಬಂದವ್ರಿಗಿ ಯಾರೂ ಇಲ್ಲ ಅನ್ನಂಗಿಲ್ರಿ."

ಯಾವ ಪಠ್ಯಪುಸ್ತಕದಲ್ಲೂ ಇಲ್ಲದ ವಿಧಾನ. ಆದರೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಮೊದಲ ವರ್ಷ ನಾನೂ ಜೊತೆಗೆ ಹೋದೆ. ಹೊಲದಲ್ಲೇ ಪೂಜೆ, ಊಟ ಮಾಡುವ ಆ ಎಳ್ಳು ಅಮಾವಾಸ್ಯೆಯ ಹಿಂದು ಮುಂದಿನ ದಿನಗಳನ್ನೂ ಹಿಡಿದು ಜನವಾಡ ದಾಟಿ, ಮಾಂಜ್ರಾ ನದಿ ದಾಟಿ, ಔರಾದ ಕಡೆಯ ಹೊಲಗಳನ್ನು ಮುಗಿಸಿ ಭಾಲ್ಕಿಗೆ ಬರುವ ಹೊತ್ತಿಗೆ ನನಗೆ ತಿಳಿದದ್ದು, ಈ ವಿಧಾನಕ್ಕೆ ಗಟ್ಟಿ ಹೊಟ್ಟೆ ಬೇಕು ಎಂಬುದು. ಪ್ರತಿ ಹೊಲದಲ್ಲೂ ಕಾಳು, ಸೊಪ್ಪು ಕೂಡಿಸಿ ಬೇಯಿಸಿದ ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ. ತಿನ್ನದೆ ಮಣ್ಣು ಮುಟ್ಟಲು ಬಿಡುತ್ತಿರಲಿಲ್ಲ. ಒಂದು ಹೊಲದಲ್ಲಿ ಮುದುಕರೊಬ್ಬರು ಸುಜಾತಾಳನ್ನು ಯಾರ ಮಗಳು ಎಂದು ಕೇಳಿ ತಿಳಿದುಕೊಂಡ ಮೇಲೆ ನಮಗೆ ಪೂಜೆಗೆ ಹಾಕಿದ ದಂಟಿನ ಕೊಂಪೆಯಿಂದ ತುಸು ದೂರ, ಬೇವಿನ ಗಿಡದ ಕೆಳಗೆ ಬಡಿಸಿದರು. ಸುಜಾತಾ ತಲೆ ತಗ್ಗಿಸದೆ ಉಂಡಳು, ಮಣ್ಣು ತೆಗೆದಳು, ಚೀಟಿ ಬರೆದಳು. 

ಮಣ್ಣು ತೆಗೆಯುವ ಕ್ರಮ ಹೀಗೆ. ಹೊಲದ ಹಲವು ಕಡೆಯಿಂದ ತೆಗೆದ ಮಣ್ಣನ್ನು ಬಟ್ಟೆಯ ಮೇಲೆ ಸುರಿದು ಕಲಸಿ, ರೊಟ್ಟಿಯ ಹಾಗೆ ದುಂಡಗೆ ಹರಡಿ, ಬೆರಳಿನಿಂದ ನಾಲ್ಕು ಭಾಗ ಮಾಡುವುದು. ಎದುರು ಬದುರಿನ ಎರಡು ಭಾಗ ಇಟ್ಟುಕೊಂಡು ಉಳಿದೆರಡನ್ನು ಚೆಲ್ಲುವುದು. ಮಹಾರಾಷ್ಟ್ರದ ಗಡಿಗೆ ಹತ್ತಿರದ ಡಾಬಕಾದಲ್ಲಿ ಸುಜಾತಾ ಹೀಗೆ ಚೆಲ್ಲಲು ಹೋದಾಗ ಆ ಹೊಲದ ಒಡತಿ ಕಾಶೀಬಾಯಿ ಕೈ ಹಿಡಿದಳು.

"ತಡಿ ಮಗಳಾ. ಅದು ಚೆಲ್ಲಬ್ಯಾಡ, ನನಗ ಕಟ್ಟಿ ಕೊಡು."

"ಯಾಕ ಆಯಿ? ನಿಂದೇ ಹೊಲ, ಇಲ್ಲೇ ಬೀಳ್ತದಲ್ಲ."

"ಗಂಜ್ ಬಜಾರದಾಗ ತೊಗರಿ ಮಾರ್ಲಿಕ್ಕಿ ಒಯ್ದಾಗ ಹ್ಯಾಂಗ ಮಾಡ್ತಾರ? ನಮೂನಿ ಅಡತ್ಯಾನ ಬಲ್ಲಿ ಒಂದ್ ಹಿಡಿ, ನಮ್ಮ ಬಲ್ಲಿ ಒಂದ್ ಹಿಡಿ. ನಾಳಿಗಿ ನೀ ಬಂದು ನಿನ್ನ ಹೊಲದಾಗ ಅದಿಲ್ಲ ಇದಿಲ್ಲ ಅಂದ್ರ, ಯಾರ ಹೊಲದ ಮಣ್ಣು ನೋಡಿ ಅಂದಿ ಅಂತ ನಾ ಹ್ಯಾಂಗ ನಂಬ್ಲಿ?"

ನನಗೆ ನಗು ಬಂತು. "ನಾವು ಯೂನಿವರ್ಸಿಟಿಯವ್ರು ಆಯಿ, ದಲಾಲಿ ಮಾಡೂ ಅಡತ್ಯಾರಲ್ಲ," ಎಂದೆ.

"ಅಡತ್ಯಾ ಬಿ ಹಂಗೇ ಅಂತಾನ ರಿ ಮೇಡಂ. ನಾ ಅಡತ್ಯಾ ಅಲ್ಲ, ನಿನ್ನ ಮಗ ಅಂತಾನ."

ಹೇಗೂ ಚೆಲ್ಲುವ ಮಣ್ಣು, ಕೊಟ್ಟರೆ ನಷ್ಟವೇನು ಎಂದು ಸುಜಾತಾ ಕಟ್ಟಿ ಕೊಟ್ಟಳು. ಅದಕ್ಕೂ ಒಂದು ಚೀಟಿ ಬರೆದು ಒಳಗಿಡಬೇಕೆಂದು ಕಾಶೀಬಾಯಿ ಹಟ ಹಿಡಿದಳು, ಅದೂ ಆಯಿತು. ಪಕ್ಕದ ಹೊಲದವರು ನೋಡಿದರು, ತಮಗೂ ಬೇಕೆಂದರು. ಔರಾದ ಸೀಮೆಯ ಹಳ್ಳಿಗಳಲ್ಲಿ ಈ ಸುದ್ದಿ ನಮಗಿಂತ ಮೊದಲೇ ಮುಂದಿನ ಹೊಲ ಮುಟ್ಟುತ್ತಿತ್ತು. ಎಲ್ಲ ಕಡೆಯೂ ಪಾಲು ಕೊಡಬೇಕಾಯಿತು. ಹೊತ್ತು ಹಾಳಾಗುತ್ತದೆಂದು ನಾನು ಗೊಣಗಿದೆ.

ಭಾಲ್ಕಿಯ ಕಡೆಯವರು ಬೇರೆ ರೀತಿ. ಅಲ್ಲಿ ವೈಜಿನಾಥ ಎಂಬ ರೈತರು ತಾವೇ ಬೈಕಿನಲ್ಲಿ ಮುಂದೆ ಹೋಗುತ್ತ ನಮ್ಮನ್ನು ಹೊಲ ಹೊಲ ತಿರುಗಿಸಿದರು. ಸುತ್ತಲಿನ ರೈತರಿಗೆಲ್ಲ ತಾವೇ ತಿಳಿಹೇಳಿದರು. ಅವರಿಗೂ ಒಂದು ಪಾಲು ಕೊಡಲು ಸುಜಾತಾ ಹೋದಾಗ ಕೈ ಅಡ್ಡ ಹಿಡಿದರು.

"ನಮಗ್ಯಾಕ ರಿ? ಯೂನಿವರ್ಸಿಟಿ ಬಲ್ಲಿ ಇದ್ರ ನಮ್ಮ ಬಲ್ಲಿ ಇದ್ದಂಗೇ. ಪೂರಾ ಒಯ್ರಿ, ಛಲೋ ನೋಡ್ರಿ, ರಿಜಲ್ಟ್ ಬಂದ ಮ್ಯಾಲ ಒಂದ್ ಮಾತು ಹೇಳ್ರಿ. ಅಷ್ಟೇ ಸಾಕು."

ಮೂರು ಎಳ್ಳಮಾಸಿ ಹೀಗೇ ಕಳೆದವು. ತಂದ ಮಣ್ಣನ್ನು ಸುಜಾತಾ ನೆರಳಿನಲ್ಲಿ ಒಣಗಿಸಿ, ಮರದ ಕೊಡತಿಯಿಂದ ಪುಡಿ ಮಾಡಿ, ಜರಡಿ ಹಿಡಿದು ಬಟ್ಟೆಯ ಚೀಲಗಳಲ್ಲಿ ತುಂಬಿಡುತ್ತಿದ್ದಳು. ಗ್ಯಾಸ್ ಬಂದಿರಲಿಲ್ಲ, ಆದ್ದರಿಂದ ಅಳೆಯುವಂತಿರಲಿಲ್ಲ. ಕಪಾಟು ಇರಲಿಲ್ಲ, ಆದ್ದರಿಂದ ಚೀಲಗಳೆಲ್ಲ ಪ್ರಯೋಗಾಲಯದ ಹೊರಗಿನ ಪಡಸಾಲೆಯಲ್ಲಿ, ಮುರಿದ ಬೆಂಚುಗಳ ಮೇಲೆ ಸಾಲಾಗಿ ಕೂತಿದ್ದವು. ಕಪಾಟಿಗೆ ನಾನು ಬರೆದ ಪತ್ರಕ್ಕೆ, ಮಣ್ಣು ಬೆಲೆಬಾಳುವ ವಸ್ತುವಲ್ಲವಾದ್ದರಿಂದ ಬೀಗದ ಅಗತ್ಯ ಕಂಡುಬರುವುದಿಲ್ಲ ಎಂಬ ಉತ್ತರ ಬಂದಿತ್ತು. ಸುಜಾತಾಳ ನೋಂದಣಿಯ ಅವಧಿ ಆ ವರ್ಷದ ಕೊನೆಗೆ ಮುಗಿಯುವುದಿತ್ತು. ಒಮ್ಮೆ ವಿಸ್ತರಣೆಯಾಗಿತ್ತು, ಇನ್ನೊಮ್ಮೆ ಸಿಗುತ್ತಿರಲಿಲ್ಲ.

ಆ ಬೇಸಿಗೆಯ ಹೊತ್ತಿಗೆ ತಪಾಸಣಾ ಸಮಿತಿ ಬರುವುದು ನಿಗದಿಯಾಯಿತು. ಅದು ವಿಶ್ವವಿದ್ಯಾಲಯಕ್ಕೆ ದರ್ಜೆ ಕೊಡುವ ಸಮಿತಿ. ಅದು ಬರುವ ಮುಂಚಿನ ದಿನಗಳಲ್ಲಿ ಕಲಿಸುವುದು, ಕಲಿಯುವುದು ಎರಡೂ ನಿಂತು ಎಲ್ಲರೂ ಸುಣ್ಣ ಬಳಿಯುತ್ತಾರೆ. ಆಗಿನ ಕುಲಸಚಿವರು ದಕ್ಷಿಣದಿಂದ ಬಂದವರು, ಕೆಟ್ಟ ಮನುಷ್ಯರಲ್ಲ. ಹೂವೆಂದರೆ ಅವರಿಗೆ ಪ್ರಾಣ. ಮುಂಬಾಗಿಲಿನಿಂದ ಸಭಾಂಗಣದವರೆಗೆ ಎರಡೂ ಬದಿ ಹೂಕುಂಡ ಇರಬೇಕೆಂದು ಆಜ್ಞೆ ಮಾಡಿ ಮೂರು ದಿನದ ಗಡುವು ಕೊಟ್ಟರು. ಕುಂಡ ಬಂದವು, ನರ್ಸರಿಯಿಂದ ಸಸಿ ಬಂದವು. ಕಲ್ಲಿನ ದಿಬ್ಬದಲ್ಲಿ ಮಣ್ಣು ಎಲ್ಲಿಂದ ಬರಬೇಕು?

ನಾನು ಅಂದು ಪರೀಕ್ಷೆಯ ಕೆಲಸಕ್ಕೆಂದು ಔರಾದಕ್ಕೆ ಹೋಗಿದ್ದೆ. ಮರುದಿನ ಬೆಳಿಗ್ಗೆ ಬಂದಾಗ ಪಡಸಾಲೆ ಸ್ವಚ್ಛವಾಗಿತ್ತು. ಅಷ್ಟು ಸ್ವಚ್ಛವಾದ ಪಡಸಾಲೆಯನ್ನು ನನ್ನ ಸೇವೆಯಲ್ಲೇ ನೋಡಿರಲಿಲ್ಲ. ಮಾಲಿ ಶರಣಪ್ಪ ನಗುನಗುತ್ತ ಎದುರು ಬಂದ.

"ಮೇಡಂರಿ, ಎಂಥಾ ಮಣ್ಣು ಇಟ್ಟಿದ್ರಿ! ಒಂದ್ ಹರಳಿಲ್ಲ, ಒಂದ್ ಕಡ್ಡಿ ಇಲ್ಲ. ನನ್ನ ಜನ್ಮದಾಗ ಇಂಥಾ ಹಸನ ಮಣ್ಣಾಗ ಗಿಡ ಹಚ್ಚಿಲ್ರಿ." ಆಮೇಲೆ ಜೇಬಿನಿಂದ ದಾರ ಕಟ್ಟಿದ ಒಂದು ಕಟ್ಟು ತೆಗೆದು ನನ್ನ ಕೈಗಿಟ್ಟ. "ಚೀಟಿ ಒಂದೂ ಕಳದಿಲ್ರಿ. ಎಲ್ಲಾ ಬರೋಬ್ಬರಿ ಕಟ್ಟಿ ಇಟ್ಟೀನಿ."

ಪ್ರತಿ ಚೀಲದೊಳಗೆ ಸುಜಾತಾ ಇಟ್ಟಿದ್ದ ಚೀಟಿಗಳು ಅವು. ಊರು, ಹೊಲ, ಒಡೆಯರ ಹೆಸರು, ತಾರೀಕು. ಹೆಸರುಗಳೆಲ್ಲ ನನ್ನ ಕೈಯಲ್ಲಿದ್ದವು, ಹೊಲಗಳೆಲ್ಲ ಕಲೆತು ಕುಂಡಗಳಲ್ಲಿದ್ದವು. ಶರಣಪ್ಪನನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಅವನಿಗೆ ಹೇಳಿದ್ದನ್ನು ಅವನು ಅಚ್ಚುಕಟ್ಟಾಗಿಯೇ ಮಾಡಿದ್ದ. ಅದೇ ವಾರದಲ್ಲಿ ಅಸಿಟಿಲೀನ್ ಸಿಲಿಂಡರ್ ಬಂದಿತು, ಈ ಸಲ ಸರಿಯಾದದ್ದು. ಸಮಿತಿಯವರು ಆವರಣದ ಹಸಿರನ್ನು ಮೆಚ್ಚಿಕೊಂಡು ಹೋದರು.

ಸುಜಾತಾ ಅಳಲಿಲ್ಲ. ಚೀಟಿಗಳ ಕಟ್ಟನ್ನು ಹಿಡಿದುಕೊಂಡು ಕುಂಡಗಳ ಸಾಲಿನ ಉದ್ದಕ್ಕೂ ಒಮ್ಮೆ ನಡೆದು ಬಂದಳು. ಅದನ್ನು ನೋಡುವಾಗ ನನಗೆ ಸಂಕಟವಾಯಿತು, ಹಾಗೇ ಬಹಳ ಸಿಟ್ಟೂ ಬಂತು. ಅವಳನ್ನು ಕರೆದುಕೊಂಡು ಕುಲಸಚಿವರ ಕೋಣೆಗೆ ಹೋದೆ. ವಿಷಯ ಕೇಳಿ ಅವರ ಮುಖ ಬಿಳಿಚಿತು. ಅವರು ನಿಜವಾಗಿಯೂ ನೊಂದುಕೊಂಡರು. ನೊಂದುಕೊಂಡೇ ಒಂದು ದಾರಿ ತೋರಿಸಿದರು.

"ನೋಡಿ ಮೇಡಂ, ಈ ವರ್ಷದ ಮಣ್ಣನ್ನ ಹೇಗೂ ಮತ್ತೆ ತರಬಹುದು, ನಾನು ವೆಹಿಕಲ್ ಕೊಡ್ತೀನಿ. ಹಿಂದಿನ ಎರಡು ವರ್ಷದ್ದನ್ನ ಅದರಿಂದ ಅಂದಾಜು ಮಾಡಿ ಬರೆದುಬಿಡಿ. ಪಾಪ, ಹುಡುಗಿಯ ಭವಿಷ್ಯದ ಪ್ರಶ್ನೆ. ಯಾರೂ ಏನೂ ಕೇಳದ ಹಾಗೆ ನಾನು ನೋಡ್ಕೋತೀನಿ. ಆದರೆ ಈ ಕುಂಡದ ವಿಷಯ ಹೊರಗೆ ಹೋಗೋದು ಬೇಡ. ಸಮಿತಿಯ ವರದಿ ಇನ್ನೂ ಬಂದಿಲ್ಲ."

ಹೊಸಬರು ಇದನ್ನು ಗಮನಿಸಬೇಕು. ಹಣ ಇಲ್ಲದ್ದು, ಯಂತ್ರ ಇಲ್ಲದ್ದು, ಪುಸ್ತಕ ಇಲ್ಲದ್ದು, ಇವನ್ನೆಲ್ಲ ಅಡ್ಡಿ ಎಂದು ಎಲ್ಲರೂ ಗುರುತಿಸುತ್ತಾರೆ. ಇಂಥ ಕರುಣೆಯನ್ನು ಯಾರೂ ಅಡ್ಡಿ ಎನ್ನುವುದಿಲ್ಲ. ಅಂದಾಜಿನ ಅಂಕಿಗೆ ನಾನು ಸಹಿ ಹಾಕುವುದಿಲ್ಲ ಎಂದೆ. ಅದರಲ್ಲಿ ಧೈರ್ಯವೇನೂ ಇರಲಿಲ್ಲ, ನನ್ನ ಸೇವೆ ಮುಗಿಯುತ್ತ ಬಂದಿತ್ತು, ನನಗೆ ಯಾರೂ ಏನೂ ಮಾಡುವಂತಿರಲಿಲ್ಲ. ಕಳೆದುಕೊಳ್ಳುವುದು ಇದ್ದದ್ದು ಸುಜಾತಾಳಿಗೆ. ನಾನು ಅವಳ ಕಡೆ ನೋಡಿದೆ.

ಅವಳು ಚೀಟಿಗಳ ಕಟ್ಟನ್ನು ಮೇಜಿನ ಮೇಲಿಟ್ಟು, "ಸರ್, ಅಂದಾಜು ಬರೀಲಿಕ್ಕಿ ಬರೂದಿಲ್ರಿ," ಎಂದಳು. "ಕಾಶೀಬಾಯಿ ಬಲ್ಲಿ ಇನ್ನೊಂದ್ ಪಾಲು ಅದ ರಿ. ನಾಳಿಗಿ ಆಕಿ ಅದನ್ನ ತಂದು ಮುಂದ ಇಟ್ಟು, ನೋಡು ಮಗಳಾ ಅಂದ್ರ ನಾ ಏನ್ ಹೇಳ್ಲಿ ರಿ?"

ಅವಳು ಹೇಳಿದ್ದು ಹೆದರಿಕೆಯಿಂದ. ಹೇಳಿ ಮುಗಿದ ಮೇಲೆ ಅವಳೇ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ನಾನು ಗೊಣಗುತ್ತ ಕಟ್ಟಿಸಿಕೊಟ್ಟ ಪಾಲುಗಳೆಲ್ಲ ಔರಾದ ಸೀಮೆಯ ಮನೆ ಮನೆಗಳಲ್ಲಿದ್ದವು. ವರ್ಷ ವರ್ಷದ್ದೂ ಬೇರೆ ಬೇರೆ ಗಂಟಾಗಿ, ಒಳಗೆ ಅವಳದೇ ಕೈಬರಹದ ಚೀಟಿಯೊಂದಿಗೆ. ಕುಲಸಚಿವರ ಎದುರೇ ನಾವಿಬ್ಬರೂ ನಕ್ಕುಬಿಟ್ಟೆವು. ಅವರಿಗೆ ಏನೂ ತಿಳಿಯಲಿಲ್ಲ.

ಮುಂಗಾರು ಬಿತ್ತನೆಗೆ ಮೊದಲು ಸುಜಾತಾ ಮತ್ತೆ ಊರೂರು ಸುತ್ತಿದಳು. ಎಲ್ಲವೂ ಸಿಗಲಿಲ್ಲ. ಒಬ್ಬರ ಮನೆಯಲ್ಲಿ ಅದು ಒಲೆ ಸಾರಿಸಲು ಹೋಗಿತ್ತು, ಇನ್ನೊಬ್ಬರಲ್ಲಿ ಯುಗಾದಿಯ ಸ್ವಚ್ಛತೆಯಲ್ಲಿ ಸೊಸೆ ಹೊರಗೆ ಚೆಲ್ಲಿದ್ದಳು. ಚಿಂತಾಕಿಯಲ್ಲಿ ಅವಳ ಸ್ವಂತ ತಾಯಿಯೇ ಗಂಟು ಬಿಚ್ಚಿ ತುಳಸಿಯಂಥ ಯಾವುದೋ ಗಿಡಕ್ಕೆ ಹಾಕಿದ್ದಳು. ಕೇಳಿದರೆ, "ನಿನ್ನ ಬಲ್ಲಿ ಒಂದ್ ಪಾಲು ಇದ್ದೇ ಅದಲ್ಲ, ನಾ ಇಟ್ಟು ಏನ್ ಮಾಡ್ಲಿ?" ಎಂದಳಂತೆ. ಸುಜಾತಾ ಅದನ್ನು ಹೇಳಿ ನಗಲು ನೋಡಿದಳು.

ಕೆಲವರು ಗಂಟನ್ನು ಬೀಜದ ಜೊತೆ ತಗಡಿನ ಕಣಜದಲ್ಲಿಟ್ಟಿದ್ದರು. ಆ ತಗಡಿಗೆ ಜಸ್ತದ ಲೇಪ ಇರುತ್ತದೆ. ಜಸ್ತ ಎಂದರೆ ಸತು, ನಾವು ಅಳೆಯಬೇಕಾದ್ದೂ ಅದೇ. ಲೇಪದ ಪುಡಿ ಮಣ್ಣಿಗೆ ತಾಗಿರಬಹುದು ಎಂದು ಅವಳು ಅಂಥ ಗಂಟುಗಳನ್ನು ಒಂದೂ ಬಿಡದೆ ಬದಿಗಿಟ್ಟಳು. ಮಾದರಿಗಳು ಕಡಿಮೆ ಬೀಳುತ್ತವೆ, ಯೋಚನೆ ಮಾಡು ಎಂದೆ. ಯೋಚನೆ ಮಾಡೇ ಇಟ್ಟೀನ್ರಿ ಎಂದಳು. ಕಾಶೀಬಾಯಿಯದು ಮಣ್ಣಿನ ಗಡಿಗೆಯಲ್ಲಿತ್ತು, ಬಾಯಿಗೆ ಬಟ್ಟೆ ಕಟ್ಟಿ, ಮೂರು ವರ್ಷದ್ದು ಮೂರು ಗಡಿಗೆ. ಹೀಗೆ ಕೂಡಿಸಿ ನೋಡಿದರೆ ಪ್ರಬಂಧಕ್ಕೆ ಸಾಕಾಗುವಷ್ಟು ಉಳಿಯಿತು. ಯಂತ್ರ ಉರಿಯಿತು, ಅಂಕಿಗಳು ಬಂದವು.

ಉಳಿದದ್ದು ಔರಾದದ ಮಣ್ಣು ಮಾತ್ರ. ಭಾಲ್ಕಿಯದು ಒಂದು ಹಿಡಿಯೂ ಇರಲಿಲ್ಲ. ನಮ್ಮನ್ನು ನಂಬದವರ ಮಣ್ಣು ಉಳಿದಿತ್ತು, ನಂಬಿದವರದು ಹೋಗಿತ್ತು. ಪ್ರಬಂಧದ ಹೆಸರಿನಿಂದ ಭಾಲ್ಕಿಯನ್ನು ತೆಗೆಯಬೇಕಾಯಿತು, ಮಾದರಿಗಳು ಲಭ್ಯವಿಲ್ಲದ ಕಾರಣ ಎಂದು ಒಂದು ಸಾಲು ಬರೆಯಬೇಕಾಯಿತು. ಸುಜಾತಾಳಿಗೆ ಅದು ಸಣ್ಣ ಸಂಗತಿಯಾಗಿರಲಿಲ್ಲ. ಅವಳು ಕಲಿಸುತ್ತಿದ್ದದ್ದೇ ಭಾಲ್ಕಿಯಲ್ಲಿ. ಬಸ್ ಸ್ಟ್ಯಾಂಡಿನಲ್ಲಿ ವೈಜಿನಾಥರು ಸಿಕ್ಕ ಪ್ರತಿ ಸಲವೂ ಕೇಳುತ್ತಿದ್ದರು, "ನಮ್ಮ ರಿಜಲ್ಟ್ ಬಂತೇನ್ರಿ ಬಾಯಿಯೋರೆ?" ಇವಳು, "ಇನ್ನಾ ಇಲ್ರಿ ಕಾಕಾ," ಎನ್ನುತ್ತಿದ್ದಳು. ಕುಂಡದ ಮಾತು ಹೊರಗೆ ಹೋಗಬಾರದೆಂದು ಕುಲಸಚಿವರು ಇನ್ನೂ ಎರಡು ಸಲ ನೆನಪಿಸಿದ್ದರು, ಪದವಿಯ ಕಡತ ಅವರ ಮೇಜಿನ ಮೇಲಿಂದಲೇ ಹಾಯಬೇಕಿತ್ತು. ಕೊನೆಗೆ ಅವಳು ಬಸ್ಸಿನ ಹೊತ್ತನ್ನೇ ಬದಲಾಯಿಸಿಕೊಂಡಳು. ಅದನ್ನು ನನ್ನೆದುರು ಹೇಳುವಾಗ ಮಾತ್ರ ಅತ್ತಳು.

ಅಂತೂ ಪ್ರಬಂಧ ಸಲ್ಲಿಕೆಯಾಗಿ ಮೌಖಿಕ ಪರೀಕ್ಷೆಯ ದಿನ ಬಂತು. ಅದು ಮುಕ್ತ ಪರೀಕ್ಷೆ, ಆಸಕ್ತರು ಯಾರು ಬೇಕಾದರೂ ಬರಬಹುದು, ಪ್ರಶ್ನೆ ಕೇಳಬಹುದು ಎಂದು ನಿಯಮವಿದೆ. ಸಾಮಾನ್ಯವಾಗಿ ಬರುವವರು ವಿಭಾಗದವರು, ಕೇಳುವ ಪ್ರಶ್ನೆ ಚಹಾ ಯಾವಾಗ ಎಂಬುದು. ಸುಜಾತಾ ಆ ನಿಯಮವನ್ನು ಓದಿ, ಮಣ್ಣು ಕೊಟ್ಟ ಎಲ್ಲರಿಗೂ ಹೇಳಿಕಳಿಸಿದ್ದಳು. ಭಾಲ್ಕಿಯವರಿಗೂ. ನನಗೆ ಮುಂಚೆ ತಿಳಿಸಿರಲಿಲ್ಲ.

ಸಭಾಂಗಣ ತುಂಬಿತು. ರುಮಾಲು, ಟೋಪಿ, ತಲೆಯ ಮೇಲೆ ಸೆರಗು. ಕಾಶೀಬಾಯಿ ಮೊದಲ ಸಾಲಿನಲ್ಲಿ ಕೂತಿದ್ದಳು. ರೈತರು ಬಂದಿದ್ದಾರೆಂದು ಕೇಳಿ ಕುಲಸಚಿವರು ಫೋಟೋದವರನ್ನು ಕರೆದುಕೊಂಡು ಬಂದರು. ದೂರದ ಊರಿನಿಂದ ಬಂದಿದ್ದ ಪರೀಕ್ಷಕರು ಇಂಗ್ಲಿಷಿನಲ್ಲಿ ಗಟ್ಟಿ ಪ್ರಶ್ನೆಗಳನ್ನೇ ಕೇಳಿದರು. ಮನೆಗಳಲ್ಲಿಟ್ಟ ಮಣ್ಣು ಕೆಟ್ಟಿಲ್ಲವೆಂದು ಹೇಗೆ ನಂಬುವುದು ಎಂದರು. ಯಾವುದನ್ನು ಯಾಕೆ ಬಿಟ್ಟೆ ಎಂದು ಅವಳು ತಗಡಿನ ಕಣಜದ ವಿಷಯ ಹೇಳಿದಳು. ಅವರು ತಲೆಯಾಡಿಸಿ ಏನೋ ಬರೆದುಕೊಂಡರು.

ಆಮೇಲೆ ಸಭೆಯವರು ಕೇಳಬಹುದು ಎಂದರು. ಕಾಶೀಬಾಯಿ ಎದ್ದಳು.

"ಇಷ್ಟೊತ್ತು ಏನಂದಿ ನನಗ ತಿಳೀಲಿಲ್ಲ ಮಗಳಾ. ನಮ್ಮ ಹೊಲದಾಗ ಏನ್ ಕಡಿಮಿ ಅದ, ಅದು ಹೇಳು."

"ಜಸ್ತ ಆಯಿ. ಬಿದರಿ ಸಾಮಾನ ಮಾಡ್ಲಿಕ್ಕಿ ಹಾಕ್ತಾರಲ್ಲ, ಅದೇ. ಸೋಯಾ ಒಂದೇ ಬಿತ್ತಿದಲ್ಲಿ ವರ್ಷಾ ತುಸು ತುಸು ಇಳೀಲಕತ್ತದ. ತೊಗರಿ, ಜೋಳ ಕೂಡಿಸಿ ಬಿತ್ತಿದಲ್ಲಿ ಅಷ್ಟು ಇಳದಿಲ್ಲ."

"ಇಷ್ಟು ಹೇಳ್ಲಿಕ್ಕಿ ಇಷ್ಟು ವರ್ಷ ಬೇಕಾಯ್ತೇನು?"

"ಗ್ಯಾಸ್ ಬಂದಿರಲಿಲ್ಲ ಆಯಿ."

ಎಲ್ಲರೂ ನಕ್ಕರು, ಪರೀಕ್ಷಕರೂ ನಕ್ಕರು. ನಗು ನಿಲ್ಲುವ ಹೊತ್ತಿಗೆ ಹಿಂದಿನ ಸಾಲಿನಿಂದ ವೈಜಿನಾಥರು ಎದ್ದು ನಿಂತಿದ್ದರು. ಅವರ ದನಿಯಲ್ಲಿ ಜಗಳವಿರಲಿಲ್ಲ.

"ಎಲ್ಲಾ ಛಲೋ ಆಯ್ತು ರಿ ಬಾಯಿಯೋರೆ. ಆದ್ರ ನಮ್ಮ ಭಾಲ್ಕಿ ಹೊಲದ್ದು ಮಾತೇ ಬರಲಿಲ್ಲ. ಮೂರು ವರ್ಷ ನಾವೂ ಕೊಟ್ಟೀವಿ. ಅದು ಎಲ್ಲಿ ಹೋಯ್ತು ರಿ?"

ನಾನು ಸುಜಾತಾಳ ಕೈ ನೋಡಿದೆ, ಮೇಜಿನ ಅಂಚನ್ನು ಹಿಡಿದಿತ್ತು. ಕುಲಸಚಿವರು ನೆಲ ನೋಡುತ್ತಿದ್ದರು. ಲಭ್ಯವಿಲ್ಲ ಎಂಬ ಸಾಲು ಪ್ರಬಂಧದಲ್ಲೇ ಇತ್ತು, ಅದನ್ನೇ ಓದಿದ್ದರೆ ಮುಗಿಯುತ್ತಿತ್ತು. ಪದವಿ ಇನ್ನೂ ಘೋಷಣೆಯಾಗಿರಲಿಲ್ಲ.

"ಕಾಕಾ, ನೀವು ಒಳಗ ಬರೂ ಮುಂದ ಎರಡೂ ಕಡಿ ಹೂವಿನ ಕುಂಡ ನೋಡಿದ್ರಲ್ಲ," ಎಂದಳು. "ಅದ್ರಾಗ ಅದ ರಿ. ಸಮಿತಿ ಬರೂದಿತ್ತು, ನಮ್ಮಲ್ಲಿ ಮಣ್ಣು ಇದ್ದಿಲ್ಲ, ಗೊತ್ತಿಲ್ದೆ ತುಂಬ್ಯಾರ. ನಿಮಗ ಇನ್ನಾ ಬಂದಿಲ್ಲ, ಇನ್ನಾ ಬಂದಿಲ್ಲ ಅಂತ ನಾ ಸುಳ್ಳು ಹೇಳೀನ್ರಿ. ಅದಕ್ಕೇ ಇವತ್ತು ಬರ್ರಿ ಅಂತ ಕರದೀನಿ."

 ಪರೀಕ್ಷಕರಿಗೆ ಕನ್ನಡ ಬರುತ್ತಿತ್ತು, ಆ ಕನ್ನಡ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಆಮೇಲೆ ಅವರು ಕನ್ನಡಕ ತೆಗೆದಿಟ್ಟು, ಪದವಿಗೆ ಶಿಫಾರಸು ಮಾಡಿದ್ದೇನೆ ಎಂದು ಇಂಗ್ಲಿಷಿನಲ್ಲಿ ಒಂದೇ ವಾಕ್ಯ ಹೇಳಿದರು. ಕುಲಸಚಿವರು ಕಡತ ತಡೆಯಲಿಲ್ಲ, ಇದನ್ನೂ ಹೇಳಬೇಕು. ಮುಂದಿನ ವಾರ ನಮ್ಮ ವಿಭಾಗಕ್ಕೆ ಬೀಗ ಇರುವ ಎರಡು ಕಪಾಟು ಬಂದವು, ಪತ್ರ ಬರೆಯದೆಯೇ.

ಅಂದು ಜನ ಸುಜಾತಾಳ ಸುತ್ತ ಮುತ್ತಿಕೊಂಡಿದ್ದಾಗ ನಾನು ಹೊರಗೆ ಬಂದೆ. ವೈಜಿನಾಥರು ಕುಂಡಗಳ ಸಾಲಿನ ಮುಂದೆ ಕುಕ್ಕುರುಗಾಲಿನಲ್ಲಿ ಕೂತಿದ್ದರು. ಬೇಸಿಗೆಯ ಸಸಿಗಳೆಲ್ಲ ಆಗಲೇ ಒಣಗಿ, ಕುಂಡಗಳಲ್ಲಿ ಕಡ್ಡಿಗಳಿದ್ದವು.

"ಇದ್ರಾಗ ನಮ್ದು ಯಾವುದು ರಿ ಮೇಡಂ?"

ಮಣ್ಣನ್ನು ಅಳೆಯುತ್ತಲೇ ನನ್ನ ಕೆಲಸದ ಕೊನೆಯ ವರ್ಷಗಳು ಕಳೆದಿದ್ದವು. "ಗೊತ್ತಿಲ್ರಿ," ಎಂದೆ. ಆ ಮಾತು ಹೇಳಲು ಅಷ್ಟು ನಾಚಿಕೆ ನನಗೆ ಎಂದೂ ಆಗಿರಲಿಲ್ಲ.

ಅವರು ಹತ್ತಿರದ ಕುಂಡದಿಂದ ಒಂದು ಹಿಡಿ ತೆಗೆದು, ಬೆರಳಲ್ಲಿ ಉಜ್ಜಿ, ಮೂಸಿ ನೋಡಿ, ಕರವಸ್ತ್ರದಲ್ಲಿ ಕಟ್ಟಿಕೊಂಡರು. ಯಾರ ಹೊಲದ್ದಾದರೂ ಇರಲಿ ಎಂದುಕೊಂಡಿರಬೇಕು. ಎದ್ದು ಕೈ ಝಾಡಿಸಿಕೊಂಡರು.

"ಎಳ್ಳಮಾಸಿಗಿ ಮತ್ತ ಯಾರನ್ನರ ಕಳಸ್ರಿ," ಎಂದರು. "ಭಜ್ಜಿ ಮಾಡ್ಸಿ ಇಟ್ಟಿರ್ತೇವಿ. ಆದ್ರ ಇನ್ನ ಮ್ಯಾಲ ಒಂದ್ ಪಾಲು ನಮ್ಮ ಮನ್ಯಾಗ ಇಟ್ಕೋತೇವಿ ರಿ."